ಆರ್ಟೊಮೈಸಿಸ್

ಆರ್ಟೊಮೈಸಿಸ್ ಎಂಬುದು ಸಮುದ್ರದ ಹವಳದಂತೆ ಕವಲೊಡೆದು ಬೆಳೆಯುವ ಶಿಲೀಂಧ್ರಗಳ ಒಂದು ಕುಲ. ಇದು ರುಸುಲೇಲಿಸ್ ಗಣದ ಆರಿಸ್ಕಾಲ್ಪಿಯೇಸಿ ಕುಟುಂಬಕ್ಕೆ ಸೇರಿದೆ. ಕಾಡಿನಲ್ಲಿ ಬಿದ್ದು ಸತ್ತ ಮರಗಳನ್ನು ಕೊಳೆಯಿಸಿ ಮಣ್ಣಿಗೆ ಸೇರಿಸುವುದರಲ್ಲಿ ಇದರ ಪಾತ್ರವಿದೆ. ಯುರೋಪ್, ಏಷ್ಯಾ ಮತ್ತು ಉತ್ತರ ಅಮೆರಿಕಗಳಲ್ಲಿ ಕಂಡುಬರುವ ಆರ್ಟೊಮೈಸಿಸ್ ಪಿಕ್ಸಿಡೇಟಸ್ ಇದರ ಮಾದರಿ ಪ್ರಭೇದ.

ಲಕ್ಷಣಗಳು

ಮಾದರಿ ಪ್ರಭೇದದ ಫಲಕಾಯವು ಸಾಮಾನ್ಯವಾಗಿ 4ರಿಂದ 13 ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ. ಎಳೆಯದರಲ್ಲಿ ಬಿಳಿ ಅಥವಾ ತಿಳಿಹಳದಿ ಬಣ್ಣವಿದ್ದು, ಬಲಿತಂತೆ ಕಂದು ಛಾಯೆ ಪಡೆಯುತ್ತದೆ. ಪ್ರತಿ ಕವಲಿನ ತುದಿ ಪುಟ್ಟ ಬಟ್ಟಲಿನಂತೆ ತಗ್ಗಾಗಿದ್ದು, ಅದರ ಅಂಚಿನಲ್ಲಿ ಕಿರೀಟದಂತೆ ಮೂರರಿಂದ ಆರು ಮೊನೆಗಳಿರುತ್ತವೆ. ಈ ಅಂಚಿನಿಂದಲೇ ಹೊಸ ಕವಲುಗಳು ಹುಟ್ಟುವುದರಿಂದ ಫಲಕಾಯವು ಅಂತಸ್ತು ಅಂತಸ್ತಾಗಿ ಕಾಣುತ್ತದೆ. ಬೀಜಕಗಳು ಕವಲುಗಳ ಮೇಲ್ಮೈಯಲ್ಲಿ ಉತ್ಪತ್ತಿಯಾಗುತ್ತವೆ.

ವರ್ಗೀಕರಣ

ಈ ಪ್ರಭೇದವನ್ನು 1794ರಲ್ಲಿ ಕ್ರಿಸ್ಟಿಯಾನ್ ಹೆಂಡ್ರಿಕ್ ಪರ್ಸೂನ್ ಅವರು ಕ್ಲಾವೇರಿಯಾ ಪಿಕ್ಸಿಡೇಟಾ ಎಂದು ಹೆಸರಿಸಿದರು. ಆ ಕಾಲದಲ್ಲಿ ಹವಳದ ಆಕಾರದ ಹಲವು ಅಣಬೆಗಳನ್ನು ಕ್ಲಾವೇರಿಯಾ ಕುಲದಲ್ಲಿಯೇ ಇರಿಸಲಾಗುತ್ತಿತ್ತು. 1947ರಲ್ಲಿ ಮ್ಯಾಕ್ಸ್‌ವೆಲ್ ಡೋಟಿ ಇದನ್ನು ಕ್ಲಾವಿಕೊರೋನಾ ಕುಲಕ್ಕೆ ವರ್ಗಾಯಿಸಿದರು. 1982ರಲ್ಲಿ ವಾಲ್ಟರ್ ಯೂಲಿಷ್ ಆರ್ಟೊಮೈಸಿಸ್ ಕುಲವನ್ನು ಸ್ಥಾಪಿಸಿದರು. ಇದರ ಬೀಜಕಗಳು ಅಯೋಡಿನ್ ದ್ರಾವಣದಲ್ಲಿ ನೀಲಿಗಪ್ಪಾಗುತ್ತವೆ. ಕ್ಲಾವಿಕೊರೋನಾದ ಮಾದರಿ ಪ್ರಭೇದದಲ್ಲಿ ಈ ಗುಣವಿಲ್ಲ.

ಹವಳದ ಆಕಾರವು ಶಿಲೀಂಧ್ರಗಳಲ್ಲಿ ಹಲವು ಬಾರಿ ಪ್ರತ್ಯೇಕವಾಗಿ ವಿಕಾಸಗೊಂಡಿದೆ. ಹೀಗಾಗಿ ನೋಟಕ್ಕೆ ಹೋಲುವ ರಮೇರಿಯಾ ಕುಲವು ಬೇರೊಂದು ಗಣಕ್ಕೆ ಸೇರಿದೆ. ಆರ್ಟೊಮೈಸಿಸ್‌ನ ನಿಕಟ ಬಂಧುಗಳಾದ ಆರಿಸ್ಕಾಲ್ಪಿಯಂನಲ್ಲಿ ಹಲ್ಲಿನಂಥ ಮುಳ್ಳುಗಳೂ ಲೆಂಟಿನೆಲ್ಲಸ್‌ನಲ್ಲಿ ಕಿವಿರುಗಳಂಥ ಪದರಗಳೂ ಇವೆ.

ವಿಘಟನೆ

ಆರ್ಟೊಮೈಸಿಸ್ ಮರದಲ್ಲಿ ಬಿಳಿ ಕೊಳೆತವನ್ನು ಉಂಟುಮಾಡುತ್ತದೆ. ಮರಕ್ಕೆ ಗಡಸುತನ ನೀಡುವ ಲಿಗ್ನಿನ್ ಸುಲಭವಾಗಿ ಕೊಳೆಯದ ವಸ್ತು. ಶಿಲೀಂಧ್ರದ ಎಳೆಗಳು ಮರದೊಳಗೆ ಹರಡಿ, ಕಿಣ್ವಗಳನ್ನು ಸ್ರವಿಸಿ ಅದನ್ನು ಒಡೆಯುತ್ತವೆ. ಇದರಿಂದ ಮರವು ಬಿಳಿಚಿಕೊಂಡು ನಾರುನಾರಾಗಿ ಮೃದುವಾಗುತ್ತದೆ, ಅದರಲ್ಲಿನ ಪೋಷಕಾಂಶಗಳು ಕ್ರಮೇಣ ಮಣ್ಣಿಗೆ ಮರಳುತ್ತವೆ. ಆಸ್ಪೆನ್, ವಿಲೋ, ಮೇಪಲ್ ಮೊದಲಾದ ಅಗಲ ಎಲೆಯ ಮರಗಳ ಬಿದ್ದ ದಿಮ್ಮಿಗಳು ಮಾದರಿ ಪ್ರಭೇದದ ನೆಲೆಗಳು. ಕಾಡಿನಿಂದ ಒಣ ದಿಮ್ಮಿಗಳನ್ನು ಪೂರ್ಣವಾಗಿ ತೆರವುಗೊಳಿಸಿದರೆ ಈ ಶಿಲೀಂಧ್ರಕ್ಕೆ ನೆಲೆ ಇಲ್ಲದಂತಾಗುತ್ತದೆ.

ಖಾದ್ಯತೆ

ಮಾದರಿ ಪ್ರಭೇದವನ್ನು ಖಾದ್ಯವೆಂದು ಪರಿಗಣಿಸಲಾಗಿದೆ; ಹಸಿಯಾಗಿದ್ದಾಗ ಅದಕ್ಕೆ ಮೆಣಸಿನಂಥ ಖಾರವಿರುತ್ತದೆ. ಆದರೆ ನೆಲದ ಮೇಲೆ ಬೆಳೆಯುವ ರಮೇರಿಯಾ ಫಾರ್ಮೋಸಾದಂಥ ಕೆಲವು ಹವಳದ ಅಣಬೆಗಳು ವಾಂತಿಭೇದಿಗೆ ಕಾರಣವಾಗುತ್ತವೆ. ಆದುದರಿಂದ ಆಕಾರವೊಂದನ್ನೇ ಆಧರಿಸಿ ಇವುಗಳನ್ನು ಗುರುತಿಸಿ ತಿನ್ನುವುದು ಸುರಕ್ಷಿತವಲ್ಲ.