ಗೇರ್‌ಬಾಕ್ಸ್ ಆಯಿಲ್ ಬದಲಿಸಲೇಬೇಕು

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಎಲ್ಲಿ ಸೆಕೆಂಡ್ ಹ್ಯಾಂಡ್ ಯುರೋಪಿಯನ್ ಸೆಡಾನ್ ನೋಡಲು ಹೋದರೂ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: "ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸರ್, ಲೈಫ್‌ಟೈಮ್ ಆಯಿಲ್. ಅದನ್ನ ಮುಟ್ಟೋದೇ ಬೇಡ." ಮಾರುವವರು ಹೇಳುತ್ತಾರೆ, ಕೊಳ್ಳುವವರು ತಲೆಯಾಡಿಸುತ್ತಾರೆ, ಜೊತೆಗೆ ಬಂದ ಭಾವಮೈದನೂ ಹೌದೆನ್ನುತ್ತಾನೆ. ಆರೇಳು ತಿಂಗಳಿಗೆ ಗಾಡಿ ಒಂದರಿಂದ ಎರಡನೇ ಗೇರಿಗೆ ಜರ್ಕ್ ಹೊಡೆಯತೊಡಗಿದಾಗ "ಈ ಕಾರುಗಳೇ ಇಷ್ಟು" ಎಂದು ಕಾರನ್ನು ಬೈಯುತ್ತಾರೆ. ತಪ್ಪು ಕಾರಿನದಲ್ಲ.

ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ತೆಗೆದುಕೊಳ್ಳಿ. 2017ರಲ್ಲಿ ನಮ್ಮ ದೇಶಕ್ಕೆ ಬಂದ ಮಾದರಿಯ ಶಕ್ತಿ 230 ಪಿಎಸ್, ಟಾರ್ಕ್ 350 ನ್ಯೂಟನ್ ಮೀಟರ್. ಇದರದು ಆರು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಆ ಎರಡೂ ಕ್ಲಚ್‌ಗಳು ಆಯಿಲ್‌ನಲ್ಲಿ ಮುಳುಗಿಯೇ ತಿರುಗುತ್ತವೆ. ಇದಕ್ಕೆ 60,000 ಕಿಲೋಮೀಟರಿಗೊಮ್ಮೆ ಆಯಿಲ್, ಫಿಲ್ಟರ್ ಬದಲಿಸಿ ಎಂದು ಕಂಪನಿಯೇ ಹೇಳುತ್ತದೆ. ಅಂದರೆ ಕಂಪನಿ ಕೊಡದ ಭರವಸೆಯನ್ನು ಇಲ್ಲಿ ಮೂರನೇ ಮಾಲೀಕ ಕೊಡುತ್ತಿದ್ದಾನೆ.

ಬಿಎಂಡಬ್ಲ್ಯು ವಿಷಯದಲ್ಲಿ ಈ ನಂಬಿಕೆಗೆ ಸ್ವಲ್ಪ ಆಧಾರವಿದೆ, ಅದಕ್ಕೇ ಅಲ್ಲಿ ಅದು ಹೆಚ್ಚು ಅಪಾಯಕಾರಿ. 330ಐ ತರಹದ ಕಾರುಗಳ ಎಂಟು ಗೇರಿನ ಬಾಕ್ಸ್‌ನ ಆಯಿಲ್ ಜೀವನಪೂರ್ತಿಗೆ ಸಾಕು ಎಂದು ಕಾರಿನ ಕಂಪನಿ ಹೇಳುತ್ತಾ ಬಂದಿದೆ. ಆದರೆ ಆ ಗೇರ್‌ಬಾಕ್ಸ್ ಮಾಡಿದ್ದು ಜರ್ಮನಿಯ ಝಡ್‌ಎಫ್. 80,000ದಿಂದ 1,20,000 ಕಿಲೋಮೀಟರ್ ಒಳಗೆ, ಹೆಚ್ಚೆಂದರೆ ಎಂಟು ವರ್ಷಕ್ಕೆ, ಆಯಿಲ್ ಬದಲಿಸಿ ಎಂಬುದು ಝಡ್‌ಎಫ್‌ನ ಸಲಹೆ. ಪೆಟ್ಟಿಗೆ ಮಾಡಿದವರ ಮಾತು ಬಿಟ್ಟು ಬೇರೆಯವರ ಮಾತು ಏಕೆ ಕೇಳಬೇಕು? ಹೊಸ ಕಾರು ಕೊಂಡವರು ಐದಾರು ವರ್ಷಕ್ಕೆ ಮಾರಿಬಿಡುತ್ತಾರೆ. ಅವರ ಮಟ್ಟಿಗೆ ಆ ಆಯಿಲ್ ಜೀವನಪೂರ್ತಿ ಬಂದಿರುತ್ತದೆ. ನಾವು ಕೊಳ್ಳುವುದು ಅದರ ನಂತರ.

ಮ್ಯಾನ್ಯುವಲ್ ಗೇರ್‌ಬಾಕ್ಸ್‌ನಲ್ಲಿ ಆಯಿಲ್‌ನ ಮುಖ್ಯ ಕೆಲಸ ಹಲ್ಲುಗಳು ಸವೆಯದಂತೆ ನೋಡಿಕೊಳ್ಳುವುದು. ಆಟೋಮ್ಯಾಟಿಕ್‌ನಲ್ಲಿ ಹಾಗಲ್ಲ. ಕ್ಲಚ್ ತಣ್ಣಗಿಡುವುದೂ ಅದೇ, ಒತ್ತಡದಿಂದ ಕ್ಲಚ್ ಪ್ಯಾಕ್ ಒತ್ತುವುದೂ ಅದೇ, ಗೇರ್ ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕದ ಸಣ್ಣ ಸಣ್ಣ ವಾಲ್ವ್‌ಗಳ ಮೂಲಕ ಹರಿದು ಗೇರ್ ಬದಲಿಸುವುದೂ ಅದೇ. ಕ್ಲಚ್ ಸವೆದ ಪುಡಿಯನ್ನು ಫಿಲ್ಟರ್ ಹಿಡಿದಷ್ಟು ಹಿಡಿಯುತ್ತದೆ, ಮಿಕ್ಕಿದ್ದು ಆ ವಾಲ್ವ್‌ಗಳಿಗೆ ಹೋಗುತ್ತದೆ. ಬಿಸಿಯಾಗಿ ಬಿಸಿಯಾಗಿ ಆಯಿಲ್ ತನ್ನ ಗುಣ ಕಳೆದುಕೊಳ್ಳುತ್ತದೆ. "ನಾನು ಜೋರಾಗಿ ಓಡಿಸೋದೇ ಇಲ್ಲ" ಎನ್ನುವವರಿಗೆ ಇದು ಅರ್ಥವಾಗಬೇಕು: ದಾಬಸ್‌ಪೇಟೆಯಿಂದ ಹೊಸಕೋಟೆಗೆ ಹೊಸ ವರ್ತುಲ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋದರೆ ಕ್ಲಚ್ ಪೂರ್ತಿ ಹಿಡಿದುಕೊಂಡಿರುತ್ತದೆ, ಹೆಚ್ಚು ಬಿಸಿಯಾಗುವುದಿಲ್ಲ. ಸಂಜೆ ಹೆಬ್ಬಾಳದಲ್ಲಿ ಹತ್ತಡಿ ಮುಂದೆ, ಬ್ರೇಕು, ಮತ್ತೆ ಹತ್ತಡಿ, ಆಗ ಸವೆಯುತ್ತದೆ.

ಏಳು ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿಯದು ಇನ್ನೊಂದು ಕಥೆ. ಅದಕ್ಕೂ ಜೀವನಪೂರ್ತಿ ಆಯಿಲ್ ಎಂದೇ ಹೇಳಿದ್ದರು. ಬಿಸಿ, ತೇವದ ಹವೆಯಲ್ಲಿ, ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ ಒಳಗಿನ ಸಿಂಥೆಟಿಕ್ ಆಯಿಲ್‌ನಿಂದ ವಿದ್ಯುತ್ ದೋಷ ಬರಬಹುದು ಎಂದು ಕಂಡಾಗ, 2013ರಲ್ಲಿ ಫೋಕ್ಸ್‌ವ್ಯಾಗನ್ ಪ್ರಪಂಚದಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆಸಿ ಮಿನರಲ್ ಆಯಿಲ್ ತುಂಬಿತು.

ಲೈಫ್‌ಟೈಮ್ ಆಯಿಲ್ ಎಂಬ ನಂಬಿಕೆಗೆ ತಮ್ಮನೊಬ್ಬನಿದ್ದಾನೆ: "ಹಳೇ ಆಯಿಲ್ ತೆಗೆದರೆ ಗೇರ್‌ಬಾಕ್ಸ್ ಕೂತುಬಿಡುತ್ತೆ." ಆಗುವುದೇ ಬೇರೆ. ಜನ ಗಾಡಿ ಸ್ಲಿಪ್ ಆಗತೊಡಗಿದ ಮೇಲೆ ಆಯಿಲ್ ಬದಲಿಸುತ್ತಾರೆ. ಅಷ್ಟರಲ್ಲಿ ಕ್ಲಚ್ ಹೋಗಿರುತ್ತದೆ, ಹೊಸ ಆಯಿಲ್ ಅದನ್ನು ವಾಪಸ್ ತರುವುದಿಲ್ಲ, ಅಪವಾದ ಮಾತ್ರ ಆಯಿಲ್ ಮೇಲೆ ಬರುತ್ತದೆ. ಇನ್ನೊಂದು ಕಾರಣ, ಅಳತೆ ತಪ್ಪುವುದು. ಈ ಆಯಿಲ್‌ನ ಮಟ್ಟ ನೋಡಬೇಕಾದದ್ದು ಎಂಜಿನ್ ಚಾಲೂ ಇಟ್ಟು, ಆಯಿಲ್‌ನ ಉಷ್ಣತೆಯನ್ನು ಸ್ಕ್ಯಾನರಿನಲ್ಲಿ ಓದಿ. ಕಣ್ಣಳತೆಯಲ್ಲಿ ತುಂಬುವ ಜಾಗಕ್ಕೆ ಗಾಡಿ ಕೊಡಬೇಡಿ.

ಉಳಿದ ತಪ್ಪು ನಂಬಿಕೆಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ರೀಮ್ಯಾಪ್‌ನಿಂದ, ಅಂದರೆ ಎಂಜಿನ್‌ನ ಸಾಫ್ಟ್‌ವೇರ್ ಬದಲಿಸುವುದರಿಂದ, ಬರುವ ಶಕ್ತಿ ಪುಕ್ಕಟೆಯಲ್ಲ: ಸ್ಕೋಡಾ ಸೂಪರ್ಬ್‌ನ 1.8 ಪೆಟ್ರೋಲ್ ಎಂಜಿನ್‌ಗೆ ಮ್ಯಾನ್ಯುವಲ್‌ನಲ್ಲಿ 320 ನ್ಯೂಟನ್ ಮೀಟರ್ ಕೊಟ್ಟ ಕಂಪನಿ ಏಳು ಗೇರಿನ ಡಿಎಸ್‌ಜಿಯಲ್ಲಿ 250ಕ್ಕೆ ನಿಲ್ಲಿಸಿತು, ಏಕೆಂದರೆ ಆ ಗೇರ್‌ಬಾಕ್ಸ್‌ನ ತಾಕತ್ತೇ ಅಷ್ಟು. 100 ಆಕ್ಟೇನ್ ಪೆಟ್ರೋಲ್ ನಾಕಿಂಗ್ ತಡೆಯುತ್ತದೆ. ಕಂಪನಿ ಕೇಳಿದ್ದಕ್ಕಿಂತ ಮೇಲಿನದು ಹಾಕಿದರೆ ಹೇಳಿಕೊಳ್ಳುವಂಥ ಪಿಕಪ್ ಸಿಗದು. ದೊಡ್ಡ ಅಲಾಯ್ ವ್ಹೀಲ್‌ನಿಂದ ಗಾಡಿಯ ವೇಗ ಹೆಚ್ಚುವುದಿಲ್ಲ, ಟೈರಿನ ಗೋಡೆ ಚಿಕ್ಕದಾಗಿ ಹಳ್ಳದಲ್ಲಿ ರಿಮ್ ಬಾಗುತ್ತದೆ. "ಆರ್‌ಸಿಯಲ್ಲಿ ಇಲ್ಲದ ಬದಲಾವಣೆ ಯಾರೂ ಕೇಳಲ್ಲ" ಎಂಬುದೂ ಸುಳ್ಳು: ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಿಡಿದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ.

ನನಗೆ ನೋವಾಗುವುದು ಇದಕ್ಕೆ. ನಮ್ಮ ಜನ ಪೆದ್ದರಲ್ಲ. ಒಂದು ಸೈಟು ಕೊಳ್ಳುವಾಗ ಇಸಿ ತೆಗೆಸುತ್ತಾರೆ, ಪಹಣಿ, ಮ್ಯುಟೇಷನ್ ನೋಡುತ್ತಾರೆ, ತಾಯಿ ಪತ್ರ ಎಲ್ಲಿ ಎಂದು ಕೇಳುತ್ತಾರೆ, ವಕೀಲರಿಗೆ ತೋರಿಸದೆ ಅಡ್ವಾನ್ಸ್ ಕೊಡುವುದಿಲ್ಲ. ಅದೇ ಜನ ಹದಿನೈದು ಲಕ್ಷದ ಕಾರನ್ನು ಬಾಯಿಮಾತಿನ ಮೇಲೆ ಕೊಳ್ಳುತ್ತಾರೆ. "ಸಿಂಗಲ್ ಓನರ್", "ಡಾಕ್ಟರ್ ಗಾಡಿ", "ಬರೀ ನಲವತ್ತು ಸಾವಿರ ಓಡಿದೆ" ಎಂದರೆ ನಂಬುತ್ತಾರೆ. ಮೀಟರ್ ಹಿಂದಕ್ಕೆ ತಿರುಗಿಸುವವರಿದ್ದಾರೆಂದು ಗೊತ್ತಿದ್ದೂ ನಂಬುತ್ತಾರೆ. ಇಂಗ್ಲಿಷಿನಲ್ಲಿ ಖಚಿತವಾಗಿ ಹೇಳಿದ ಮಾತನ್ನು ಪ್ರಶ್ನಿಸಲು ಸಂಕೋಚಪಡುತ್ತಾರೆ.

ಆದ್ದರಿಂದ ಸರ್ವಿಸ್ ಬಿಲ್ ಕೇಳಿ. "ಫುಲ್ ಸರ್ವಿಸ್" ಎಂದು ಬರೆದ ಬಿಲ್ ಸಾಲದು. ಗೇರ್‌ಬಾಕ್ಸ್ ಆಯಿಲ್ ಎಷ್ಟು ಲೀಟರ್, ಫಿಲ್ಟರ್ ಹಾಕಿದ್ದಾರೋ ಇಲ್ಲವೋ, ಆಗ ಎಷ್ಟು ಕಿಲೋಮೀಟರ್ ಓಡಿತ್ತು, ಮೂರೂ ಅದರಲ್ಲಿರಬೇಕು. ಝಡ್‌ಎಫ್ ಬಾಕ್ಸ್‌ನಲ್ಲಿ ಫಿಲ್ಟರ್ ಪ್ಲಾಸ್ಟಿಕ್ ಆಯಿಲ್ ಪ್ಯಾನಿನೊಳಗೇ ಇರುವುದರಿಂದ ಪ್ಯಾನ್ ಸಮೇತ ಬದಲಿಸಬೇಕು, ಬಿಲ್ಲಿನಲ್ಲಿ ಅದು ಕಾಣಬೇಕು. ಬಿಲ್ಲಿಲ್ಲವೆಂದರೆ ಬದಲಿಸಿಲ್ಲವೆಂದೇ ಲೆಕ್ಕ. ಆ ಖರ್ಚನ್ನು ಬೆಲೆಯಲ್ಲಿ ಇಳಿಸಲು ಹೇಳಿ, ಒಪ್ಪದಿದ್ದರೆ ಬೇರೆ ಗಾಡಿ ನೋಡಿ.