ಸಿಂಹ ಕೊಲ್ಲುತ್ತಿದ್ದವರೇ ಸಿಂಹ ಕಾಯೋಕೆ ನಿಂತಾಗ

ಸಾಫ್ಟ್‌ವೇರ್ ಕೆಲಸದಲ್ಲಿರೋ ನಮ್ಮಂಥವರಿಗೆ ‘ಮಾನಿಟರಿಂಗ್’ ಅಂದ ಕೂಡಲೇ ನೆನಪಾಗೋದು ಡ್ಯಾಶ್‌ಬೋರ್ಡ್, ಗ್ರಾಫು, ನಡುರಾತ್ರಿ ಬಡ್ಕೊಳ್ಳೋ ಅಲರ್ಟು. ಕೀನ್ಯಾದ ಅಂಬೋಸೆಲಿಯಲ್ಲೂ ಮಾನಿಟರಿಂಗ್ ನಡೆಯುತ್ತೆ. ಆದರೆ ಅಲ್ಲಿ ಕಣ್ಣಿಡೋದು ಸಿಂಹಗಳ ಮೇಲೆ. ಆ ಕೆಲಸ ಮಾಡೋರು ಮಸಾಯಿ ಯುವಕರು.

ಕಿಲಿಮಂಜಾರೋ ಪರ್ವತದ ಉತ್ತರಕ್ಕಿರುವ ಅಂಬೋಸೆಲಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 392 ಚದರ ಕಿಲೋಮೀಟರ್. ಸಿಂಹಗಳಿಗೆ ಅಷ್ಟು ಜಾಗ ಸಾಲದು. ಬೇಟೆ ಹುಡುಕಿಕೊಂಡು ಅವು ಹೊರಗೂ ಓಡಾಡುತ್ತವೆ. ಹೊರಗಿರುವುದು ಮಸಾಯಿ ಸಮುದಾಯದ ಜಮೀನು, ಅವರ ದನ, ಕುರಿ, ಮೇಕೆ ಮೇಯುವ ಬಯಲು. ದನಗಾಹಿ ಮನೆಗೆ ದನವೇ ಉಳಿತಾಯ, ದನವೇ ಮಾನ. ಒಂದು ರಾತ್ರಿ ಸಿಂಹ ದೊಡ್ಡಿಗೆ ನುಗ್ಗಿದ್ರೆ ಎಷ್ಟೋ ವರ್ಷ ಕೂಡಿಟ್ಟದ್ದು ಹೋದಂತೆ. ಸಿಟ್ಟಿಗೆದ್ದ ಯುವಕರು ಭರ್ಜಿ ಹಿಡಿದು ಹೊರಡೋರು. ಸಿಂಹ ಕೊಂದವನಿಗೆ ಹೊಸ ಹೆಸರು, ಊರಲ್ಲಿ ಗೌರವ ಸಿಗುತ್ತಿತ್ತು.

2007ರಲ್ಲಿ ಲೀಲಾ ಹಜ್ಜಾ ಮತ್ತು ಸ್ಟೆಫನಿ ಡೋಲ್ರೆನ್ರಿ ಎಂಬ ಸಂಶೋಧಕಿಯರು ಇಲ್ಲಿ ‘ಲಯನ್ ಗಾರ್ಡಿಯನ್ಸ್’ ಶುರು ಮಾಡಿದರು. ಸಿಂಹ ಕಾಯೋ ಕೆಲಸಕ್ಕೆ ಅವರು ಆರಿಸಿಕೊಂಡಿದ್ದು ಇದೇ ಯುವಕರನ್ನ. ಕೆಲವರಂತೂ ಮೊದಲು ಸಿಂಹ ಕೊಂದವರೇ! ಶಾಲೆಯ ಮುಖ ನೋಡದವರಿಗೆ ಓದು ಬರಹ, ಜಿಪಿಎಸ್ ಬಳಸೋದು ಹೇಳಿಕೊಟ್ಟರು. ಹೆಜ್ಜೆಗುರುತು ಓದೋದನ್ನ ಮಾತ್ರ ಅವರಿಗೆ ಯಾರೂ ಕಲಿಸಬೇಕಿರಲಿಲ್ಲ.

ಕೆಲವು ಸಿಂಹಗಳ ಕೊರಳಲ್ಲಿ ರೇಡಿಯೋ ಪಟ್ಟಿ ಇರುತ್ತೆ. ಆಂಟೆನಾ ಹಿಡಿದು ಅದರ ಸಿಗ್ನಲ್ ಹುಡುಕುತ್ತಾರೆ. ಪಟ್ಟಿ ಇಲ್ಲದ ಸಿಂಹವನ್ನ ಮೀಸೆ ಬುಡದ ಚುಕ್ಕೆಗಳಿಂದ ಗುರುತಿಸಬಹುದು. ನಮ್ಮ ಬೆರಳಚ್ಚಿನ ಹಾಗೆ, ಒಂದರದ್ದು ಇನ್ನೊಂದಕ್ಕೆ ಹೋಲಲ್ಲ. ಪ್ರತಿ ಸಿಂಹಕ್ಕೂ ಮಸಾಯಿ ಹೆಸರಿಡುತ್ತಾರೆ. ಹೆಸರಿಟ್ಟ ಮೇಲೆ ಅದು ‘ಯಾವುದೋ ಸಿಂಹ’ ಆಗಿ ಉಳಿಯಲ್ಲ.

ಇಷ್ಟೇ ಆಗಿದ್ದರೆ ಒಳ್ಳೇ ಡೇಟಾ ಸಿಗ್ತಿತ್ತು, ಸಿಂಹ ಉಳೀತಿರಲಿಲ್ಲ. ಸಿಂಹ ಎಲ್ಲಿದೆ ಅಂತ ಗೊತ್ತಾದ ತಕ್ಷಣ ‘ಇವತ್ತು ಆ ಕಡೆ ದನ ಹೊಡೀಬೇಡಿ’ ಅಂತ ದನಗಾಹಿಗಳಿಗೆ ಸುದ್ದಿ ಮುಟ್ಟಿಸ್ತಾರೆ. ತಪ್ಪಿಸಿಕೊಂಡ ದನ ಸಿಂಹದ ಬಾಯಿಗೆ ಬೀಳೋ ಮೊದಲೇ ಹುಡುಕಿ ತರ್ತಾರೆ. ದೊಡ್ಡಿಯ ಮುಳ್ಳುಬೇಲಿ ಗಟ್ಟಿ ಮಾಡಿಸ್ತಾರೆ. ಭರ್ಜಿ ಎತ್ತಿಕೊಂಡವರ ಎದುರು ನಿಂತು ಮಾತಾಡಿ ಸಮಾಧಾನ ಮಾಡ್ತಾರೆ. ಹೊರಗಿಂದ ಬಂದ ಅಧಿಕಾರಿ ಹೇಳಿದ್ದರೆ ಯಾರು ಕೇಳ್ತಿದ್ರು? ಇವರು ಅವರದೇ ಓರಗೆಯವರು.

ಹಾಗಂತ ಎಲ್ಲ ಸರಿಹೋಗಿದೆ ಅಂದ್ಕೋಬೇಡಿ. 2023ರ ಮೇ ತಿಂಗಳಲ್ಲಿ ಬರಗಾಲ ಮುಗಿದಿತ್ತು. ಕಾಡುಪ್ರಾಣಿಗಳು ಚೇತರಿಸಿಕೊಂಡವು, ಅವನ್ನ ಹಿಡಿಯೋದು ಸಿಂಹಗಳಿಗೆ ಕಷ್ಟವಾಯ್ತು. ದೊಡ್ಡಿಗಳ ಕಡೆ ತಿರುಗಿದವು. ಒಂದೇ ವಾರದಲ್ಲಿ 10 ಸಿಂಹಗಳು ಸತ್ತವು. ಅದರಲ್ಲಿ 19 ವರ್ಷದ ಲೂನ್‌ಕೀಟೋ ಕೂಡ ಒಂದು. ಕಾಡಿನಲ್ಲಿ ಗಂಡು ಸಿಂಹ ಅಷ್ಟು ವರ್ಷ ಬದುಕೋದು ತೀರಾ ಅಪರೂಪ. ಎಂಬಿರಿಕಾನಿಯಲ್ಲಿ 11 ಮೇಕೆ, ಒಂದು ನಾಯಿಯನ್ನು ಕೊಂದ ಮೇಲೆ 6 ಸಿಂಹಗಳು ಭರ್ಜಿಗೆ ಬಲಿಯಾದವು.

ಮೇಕೆ ಕಳಕೊಂಡವರನ್ನು ಇಲ್ಲಿ ಕೂತು ಬೈಯೋದು ಸುಲಭ. ಸಫಾರಿ ಫೋಟೋ ನಮಗೆ, ನಷ್ಟ ಅವರಿಗೆ. ಆ ನಷ್ಟ ತಡೆಯೋಕೆ ಯಾರಾದರೂ ಹೊತ್ತಿಗೆ ಮುಂಚೆ ಓಡಿ ಬಂದರೆ ಮಾತ್ರ ಸಿಂಹಕ್ಕೆ ಅವರ ನೆಲದಲ್ಲಿ ಜಾಗ ಸಿಗುತ್ತೆ. ಅದಕ್ಕೇ ಆ ಯುವಕರು ಇವತ್ತೂ ಹೆಜ್ಜೆಗುರುತು ಹುಡುಕಿಕೊಂಡು ಹೋಗ್ತಾರೆ.