ಕಪಿಲಾತೀರದಲ್ಲಿ ಅವತಾರ–ನರಕ ವಿಚಾರ

ಕ್ರೈಸ್ತಮತದ ಎರಡು ಪ್ರಮೇಯಗಳು ಮೊದಲಿನಿಂದಲೂ ವಾದಕ್ಕೆ ಸಿಕ್ಕಿವೆ. ಯೇಸು ದೇವರೇ ಎಂಬುದೊಂದು. ಅವನನ್ನು ಒಪ್ಪದವರಿಗೆ ಮುಗಿವಿಲ್ಲದ ನರಕವುಂಟೆ ಎಂಬುದಿನ್ನೊಂದು. ಈ ವಾದವನ್ನು ಗ್ರೀಕ್ ಲ್ಯಾಟಿನ್ ಗ್ರಂಥಗಳಲ್ಲಿ ಅರಸುವುದು ವಾಡಿಕೆ. ನಾನಿಲ್ಲಿ ಅದನ್ನು ಕಪಿಲಾನದಿಯ ದಂಡೆಯಲ್ಲಿಟ್ಟು ನೋಡಬಯಸುತ್ತೇನೆ. ಮೇಲೆ ನಂಜನಗೂಡು, ಕೆಳಗೆ, ಆ ನದಿ ಕಾವೇರಿಯನ್ನು ಕೂಡುವಲ್ಲಿ, ತಿರುಮಕೂಡಲು ನರಸೀಪುರ. ಅಲ್ಲಿ ಹಾಲಾಹಲವನ್ನುಂಡ ಶ್ರೀಕಂಠೇಶ್ವರ, ಇಲ್ಲಿ ಗುಂಜಾನರಸಿಂಹ. ಈ ದೇವರುಗಳನ್ನು ಕಂಡು ಬೆಳೆದವರ ಕಿವಿಗೆ ಆ ಪ್ರಮೇಯಗಳು ಹೇಗೆ ಕೇಳಿಸಿಯಾವು?

ಮೈಸೂರು ಸೀಮೆಗೆ ಕ್ರೈಸ್ತಬೋಧೆ ನಿನ್ನೆ ಮೊನ್ನೆ ಬಂದದ್ದಲ್ಲ. 17ನೆಯ ಶತಮಾನದ ನಡುವಿನಲ್ಲಿ ಜೆಸೂಟ್ ಪಾದ್ರಿ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ನೆಲೆಯೂರಿದ್ದ. 1799ರ ತರುವಾಯ ಅದೇ ಪ್ರಾಂತಕ್ಕೆ ಬಂದ ಫ್ರೆಂಚ್ ಪಾದ್ರಿ ದುಬುವಾ ಕಾವಿಯುಟ್ಟವರಂತೆ ಬಾಳಿ ‘ದೊಡ್ಡ ಸ್ವಾಮಿಯವರು’ ಎನ್ನಿಸಿಕೊಂಡ. ಆದರೂ ಹಿಂದೂಗಳ ಮತಾಂತರ ಆಗದ ಕೆಲಸವೆಂದು 1823ರಲ್ಲಿ ಲಂಡನ್ನಿನಲ್ಲಿ ಪುಸ್ತಕವನ್ನೇ ಅಚ್ಚು ಹಾಕಿಸಿದ. ಪೂರ್ಣ ಬೈಬಲ್ ಕನ್ನಡಕ್ಕೆ ಬಂದದ್ದು 1831ರಲ್ಲಿ. ಆಮೇಲೆ ವೆಸ್ಲಿಯನ್ ಮಿಷನ್ನಿನವರು ಸಂತೆ ಜಾತ್ರೆಗಳಲ್ಲಿ ನಿಂತು ಬೋಧಿಸಿದರು.

ಯೇಸುವಿನ ದೈವತ್ವದ ವಿಷಯದಲ್ಲಿ ಬೋಧಕನಿಗೆ ತೊಡಕಾದದ್ದು ನಿರಾಕರಣೆಯಲ್ಲ, ಸುಲಭವಾದ ಒಪ್ಪಿಗೆ. ಕಂಬ ಒಡೆದು ಬಂದವನನ್ನು ಪೂಜಿಸುವವರಿಗೆ ದೇವರು ಮನುಷ್ಯನಾದನೆಂಬುದು ವಿಚಿತ್ರವೇನಲ್ಲ. ಆಗಲಿ, ಅದೂ ಒಂದು ಅವತಾರ, ಎಂದುಬಿಟ್ಟರೆ ಮುಂದೆ ವಾದಕ್ಕೆ ಎಡೆಯೆಲ್ಲಿ? ಆದರೆ ಅವತಾರಕ್ಕೆ ಪುನರಾವೃತ್ತಿಯುಂಟು. ಕ್ರೈಸ್ತರು ಹೇಳುವುದು ಒಂದೇ ಸಲ. ಅವತಾರದ ದೇಹಕ್ಕೆ ನೋವಿಲ್ಲ, ಅದು ಲೀಲೆ. ಕ್ರೈಸ್ತರು ಹೇಳುವುದು ನಿಜವಾದ ಹಸಿವು, ನಿಜವಾದ ಕಣ್ಣೀರು, ನಿಜವಾದ ಸಾವು. ಯೇಸುವಿನ ದೇಹ ತೋರಿಕೆಯದೆಂದವರನ್ನು ಆದಿಯ ಸಭೆಯೇ ಪಾಷಂಡಿಗಳೆಂದು ತಳ್ಳಿತ್ತು. 325ರ ನಿಕೇಯಾ ಸಭೆ ಮಗನು ಸೃಷ್ಟನಾದವನೆಂಬ ಆರಿಯಸನ ಮತವನ್ನು ನಿರಾಕರಿಸಿತು. 451ರ ಕಾಲ್ಸೆಡಾನ್ ಸಭೆ ಅವನು ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು ನಿರ್ಣಯಿಸಿತು. ಹೀಗಾಗಿ ನಮ್ಮವನೊಬ್ಬ ಭಕ್ತಿಯಿಂದಲೇ ಕೈಮುಗಿದು ‘ಎಲ್ಲ ಅವನ ಲೀಲೆ’ ಎಂದರೆ, ತನಗರಿಯದೆಯೇ ಸಭೆ ತಳ್ಳಿದ ಮತವನ್ನು ಹಿಡಿದಂತಾಗುತ್ತಿತ್ತು!

ನಂಜನಗೂಡಿನಲ್ಲಿ ಈ ಭೇದ ಇನ್ನೂ ಸ್ಪಷ್ಟ. ಗೆತ್ಸೇಮನೆಯ ತೋಟದಲ್ಲಿ ಯೇಸು ತನ್ನ ಸಂಕಟವನ್ನು ತಾನು ಕುಡಿಯಬೇಕಾದ ಪಾತ್ರೆಯೆಂದೇ ಕರೆದ. ಲೋಕಕ್ಕಾಗಿ ವಿಷವನ್ನು ಕುಡಿದ ದೇವರ ಊರಿನಲ್ಲಿ ಈ ಮಾತಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆದರೆ ನಂಜುಂಡ ನಡುಗಲಿಲ್ಲ, ಸಾಯಲೂ ಇಲ್ಲ. ವಿಷ ಕಂಠದಲ್ಲಿ ನಿಂತಿತು. ಯೇಸು ನಡುಗಿದ, ಕುಡಿದ, ಸತ್ತ. ಸತ್ತವನು ದೇವರು ಹೇಗೆ ಎಂಬ ಪ್ರಶ್ನೆ ಶೈವನಿಗೆ ಸಹಜ. ಸಾಯಲಾರದವನು ಮನುಷ್ಯನಾದದ್ದು ಹೇಗೆ ಎಂಬುದು ಕ್ರೈಸ್ತನ ಮರುಪ್ರಶ್ನೆ. ಎರಡೂ ತೂಕದ ಪ್ರಶ್ನೆಗಳೇ.

ಇನ್ನು ನರಕ. ಹಿಬ್ರೂ ಭಾಷೆಯ ಷಿಯೋಲಿಗೆ ಕನ್ನಡ ಬೈಬಲಿನಲ್ಲಿ ಪಾತಾಳವೆಂದೂ ಗೆಹೆನ್ನಕ್ಕೆ ನರಕವೆಂದೂ ಇದೆ. ಗೆಹೆನ್ನವೆಂದರೆ ಮೂಲದಲ್ಲಿ ಯೆರೂಸಲೇಮಿನ ಪಕ್ಕದ ಹಿನ್ನೋಮ್ ಕಣಿವೆ. ನರಕವೆಂಬ ಮಾತಿಗಾದರೋ ನಮ್ಮಲ್ಲಿ ಪೂರ್ವಚರಿತ್ರೆಯುಂಟು: ಮನುಸ್ಮೃತಿ ಇಪ್ಪತ್ತೊಂದು ನರಕಗಳನ್ನೆಣಿಸುತ್ತದೆ, ಭಾಗವತ ಇಪ್ಪತ್ತೆಂಟನ್ನು. ಎಷ್ಟಾದರೇನು, ಪಾಪ ತೀರಿದಂದು ಜೀವನಿಗೆ ಬಿಡುಗಡೆ. ಅದು ಸೆರೆಮನೆ, ಮನೆಯಲ್ಲ. ಬೋಧಕರು ಅದಕ್ಕೆ ‘ನಿತ್ಯ’ ಎಂಬ ವಿಶೇಷಣ ಸೇರಿಸಿದರು. ವೇದಾಂತದಲ್ಲಿ ಆದಿಯುಳ್ಳದ್ದು ನಿತ್ಯವಾಗದು. ಸತ್ತ ಮೇಲೆ ಆರಂಭವಾಗುವ ಶಿಕ್ಷೆ ನಿತ್ಯ ಹೇಗೆ? ಗ್ರೀಕಿನ ‘ಅಯೋನಿಯೋಸ್’ ಪದಕ್ಕೆ ಮುಗಿಯದ ಕಾಲವೆಂದು ಅರ್ಥವೋ, ಬರುವ ಯುಗಕ್ಕೆ ಸೇರಿದ್ದೆಂದು ಅರ್ಥವೋ ಎಂಬುದು ಕ್ರೈಸ್ತ ವಿದ್ವಾಂಸರಲ್ಲೂ ತೀರದ ಜಗಳ. 3ನೆಯ ಶತಮಾನದ ಓರಿಜೆನ್ ಕಡೆಗೆ ಸಕಲರೂ ಉದ್ಧಾರವಾಗಬಹುದೆಂದು ಆಶಿಸಿದ್ದ. 1853ರಲ್ಲಿ ನಿತ್ಯಶಿಕ್ಷೆಯ ಅರ್ಥವನ್ನು ಪ್ರಶ್ನಿಸಿದ್ದಕ್ಕೆ ಮಾರಿಸ್ ಎಂಬ ಆಂಗ್ಲ ಪಂಡಿತ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪೀಠವನ್ನೇ ಕಳೆದುಕೊಂಡ.

ನರಸೀಪುರದ ದೇವರ ಕಥೆಯೇ ನಿತ್ಯನರಕಕ್ಕೆ ಉತ್ತರದಂತಿದೆ. ನರಸಿಂಹ ಕೊಂದ ಹಿರಣ್ಯಕಶಿಪು ವೈಕುಂಠದ ದ್ವಾರಪಾಲಕ. ಮೂರು ಜನ್ಮ ದ್ವೇಷಿಸಿ ಮರಳಿ ಬಾಗಿಲಿಗೆ ಬಂದವನು. ದೇವರ ಪರಮವೈರಿಗೇ ಈ ಗತಿಯಾದರೆ, ಸಂಗಮದಲ್ಲಿ ಮಿಂದ ಬಡ ಒಕ್ಕಲಿಗನಿಗೆ ಕೊನೆಯಿಲ್ಲದ ಬೆಂಕಿಯೆಂದರೆ ನಂಬುವುದೆಂತು?

ಆದರೆ ಹಿಂದೂಮತದಲ್ಲಿ ನಿತ್ಯನರಕವೇ ಇಲ್ಲವೆಂದು ಗೆದ್ದಂತೆ ಬೀಗುವವರು ನಂಜನಗೂಡಿಗೇ ಹೋಗಿ ಬರಬೇಕು. ಅಲ್ಲಿ ರಾಘವೇಂದ್ರಸ್ವಾಮಿಗಳ ಮಠವಿದೆ. ಆ ಮಠದ ಮಧ್ವಸಿದ್ಧಾಂತದಲ್ಲಿ ತಮೋಯೋಗ್ಯ ಜೀವರಿಗೆ ಹಿಂದಿರುಗಲಾಗದ ಅಂಧಂತಮಸ್ಸು ಉಂಟು. ಹಿರಣ್ಯಕಶಿಪುವಿನ ದೇಹದಲ್ಲಿ ಜೀವರಿಬ್ಬರು, ಜಯನು ವೈಕುಂಠಕ್ಕೆ, ಅಸುರನು ತಮಸ್ಸಿಗೆ ಎಂದು ಅವರು ಕಥೆಯನ್ನು ವಿಂಗಡಿಸುತ್ತಾರೆ. ಇದನ್ನು ಕಂಡ ಗ್ರಿಯರ್ಸನ್ ಮೊದಲಾದವರು ಮಧ್ವರ ಮೇಲೆ ಕ್ರೈಸ್ತಪ್ರಭಾವವನ್ನು ಊಹಿಸಿದರು. ಹೋಲಿಕೆಯೊಂದರಿಂದಲೇ ಸಾಲವೆನ್ನುವುದು ನನಗೆ ಒಪ್ಪಿಗೆಯಿಲ್ಲ. ಯಾಕೆಂದರೆ ಮಧ್ವರಲ್ಲಿ ಜೀವನನ್ನು ಕತ್ತಲೆಗೆ ಒಯ್ಯುವುದು ಅನಾದಿಯಾದ ಅವನ ಸ್ವಭಾವ. ಜಾತ್ರೆಯಲ್ಲಿ ನಿಂತ ವೆಸ್ಲಿಯನ್ ಬೋಧಕನ ಮಾತಿನಲ್ಲಿ, ಮಾರ್ಗ ತೋರಿದರೂ ಒಲ್ಲೆನೆಂದ ಅವನ ಇಚ್ಛೆ.